ಪದ್ಮಶ್ರೀ ಬಂತು, ಬಾಡಿಗೆ ಮನೆ ಸಿಗಲಿಲ್ಲ

ಪ್ರಶ್ನೆ: ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಸಂಭ್ರಮಿಸಿದ ನಮ್ಮ ಬೀದಿಯವರೇ, ಲಿಂಗತ್ವ ಅಲ್ಪಸಂಖ್ಯಾತಳಾದ ನನ್ನ ಗೆಳತಿಗೆ ಬಾಡಿಗೆ ಮನೆ ಕೊಡಲು ಒಪ್ಪುತ್ತಿಲ್ಲ. ಏಕೆ?
– ಓದುಗರೊಬ್ಬರು, ಹಾಸನ

ಉತ್ತರ: ವೇದಿಕೆಯ ಮೇಲಿರುವವರನ್ನು ಮೆಚ್ಚಲು ಯಾರಿಗೂ ಖರ್ಚಿಲ್ಲ. ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗವೆಂದು ಮಾನ್ಯ ಮಾಡಿದ 2014ರ ಸುಪ್ರೀಂ ಕೋರ್ಟ್ ತೀರ್ಪಾಗಲಿ, ಸರ್ಕಾರಿ ನೇಮಕಾತಿಯಲ್ಲಿ ಕರ್ನಾಟಕ 2021ರಲ್ಲಿ ತಂದ ಶೇಕಡಾ 1ರ ಮೀಸಲಾತಿಯಾಗಲಿ, ಈ ಸಮುದಾಯದವರು ಬಹಿರಂಗವಾಗಿ ಮುಂದೆ ಬಂದು ಕೇಳದಿದ್ದರೆ ದಕ್ಕುತ್ತಿರಲಿಲ್ಲ. ಆದರೆ ಅದೇ ಪ್ರಚಾರದಿಂದಾಗಿ, ಯಾರ ಗಮನಕ್ಕೂ ಬಾರದೆ ಬದುಕುತ್ತಿದ್ದವರನ್ನೂ ಈಗ ಅನುಮಾನದ ಕಣ್ಣು ಹುಡುಕುತ್ತದೆ. ಬೆಂಗಳೂರಿನ ಜನಸಂದಣಿ ಕೊಡುವ ಮರೆಯೂ ಹಾಸನದಂಥ ಊರಿನಲ್ಲಿ ಇಲ್ಲ. ಅಂದಹಾಗೆ, ಬಾಡಿಗೆ ಮನೆಯ ವಿಷಯದಲ್ಲಿ ತಾರತಮ್ಯ ಮಾಡುವುದನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ನಿಷೇಧಿಸಿದೆ. ಮಾಲೀಕರಿಗೆ ಇದನ್ನು ಅಗತ್ಯವಾಗಿ ತಿಳಿಸಿ. ಆದರೆ ಗೆಳತಿಯ ಒಪ್ಪಿಗೆಯಿಲ್ಲದೆ ಆಕೆಯ ಗುರುತನ್ನು ಯಾರೆದುರೂ ಹೇಳಬೇಡಿ.