ಮಧ್ಯಾಹ್ನದ ಬುತ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಳಿಗ್ಗೆ ಏಳೂವರೆಗೆ ಕಟ್ಟಿದ ಮೊಸರನ್ನ ಒಂದೂವರೆಗೆ ಡಬ್ಬಿ ತೆಗೆಯುವಷ್ಟರಲ್ಲಿ ಗಟ್ಟಿಯಾಗಿ ಹುಳಿ ಹಿಡಿದಿರುತ್ತದೆ. ಆಫೀಸಿನಲ್ಲಿ ಫ್ರಿಜ್ ಇಲ್ಲ. ಏನು ಮಾಡಲಿ? (ಓದುಗರೊಬ್ಬರು, ಕಲಬುರಗಿ)

ಉತ್ತರ: ನೀವು ಮೊಸರನ್ನವನ್ನೇ ಕಟ್ಟುತ್ತಿದ್ದೀರಿ, ತೊಂದರೆ ಅಲ್ಲೇ ಇದೆ. ಬುತ್ತಿಗೆ ಹಾಲನ್ನ ಕಲಸಿ ಹೆಪ್ಪು ಹಾಕಬೇಕು. ಊಟದ ಹೊತ್ತಿಗೆ ಅದು ಡಬ್ಬಿಯೊಳಗೇ ಮೊಸರನ್ನವಾಗುತ್ತದೆ. ಆಗತಾನೇ ಮಾಡಿದ ಮೆತ್ತನೆ ಅನ್ನವನ್ನು ಬಿಸಿ ಇರುವಾಗಲೇ ಸೌಟಿನಿಂದ ಮಸೆಯಿರಿ. ಒಂದು ಲೋಟ ಅನ್ನಕ್ಕೆ ಮುಕ್ಕಾಲು ಲೋಟ ಕಾಯಿಸಿದ ಹಾಲು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಸಿಹಿ ಮೊಸರು ಹಾಕಿ. ಸುಡುವಾಗ ಹಾಕಿದರೆ ಹಾಲು ಒಡೆದು ನೀರಾಗುತ್ತದೆ. ನಿಮ್ಮೂರಿನ ಏಪ್ರಿಲ್ ಬಿಸಿಲಿಗಾದರೆ ಮೊಸರು ಅರ್ಧ ಚಮಚ ಸಾಕು, ಹಾಲು ಒಂದು ಲೋಟವೇ ಇರಲಿ. ಕಲಸಿದಾಗ ಪಾಯಸದ ಹಾಗೆ ಸಡಿಲ ಕಂಡರೆ ಗಾಬರಿ ಬೇಡ, ಅನ್ನ ಹೀರಿಕೊಳ್ಳುತ್ತದೆ. ಸೌತೆಕಾಯಿ, ಈರುಳ್ಳಿ ನೀರು ಬಿಡುವ ಜಾತಿ. ಅವಕ್ಕೆ ಬೇರೆ ಡಬ್ಬಿ.

ರಾತ್ರಿ ಹೊರಗೇ ಉಳಿದ ಅನ್ನವನ್ನು ಮಾತ್ರ ಬುತ್ತಿಗೆ ಹಾಕಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಉಳಿಯುತ್ತವೆ. ಬೆಚ್ಚಗೆ ಕೂತ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ವಾಂತಿಗೆ ಅದೇ ಕಾರಣ. ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ಅಷ್ಟೇ.

ಪ್ರಶ್ನೆ: ಡಬ್ಬಿಯಲ್ಲಿ ಕೆಳಗಿನ ಚಪಾತಿ ಒದ್ದೆ, ಮೇಲಿನದು ರಟ್ಟು. ಯಾಕೆ? (ಗೃಹಿಣಿ, ತುಮಕೂರು)

ಉತ್ತರ: ಒದ್ದೆಗೆ ಹಬೆ ಕಾರಣ, ರಟ್ಟಿಗೆ ಸಣ್ಣ ಉರಿ. ಕಾಯದ ಹೆಂಚಿನ ಮೇಲೆ ಚಪಾತಿ ಬೇಯುವ ಮೊದಲೇ ಒಣಗುತ್ತದೆ. ಎರಡು ಲೋಟ ಹಿಟ್ಟಿಗೆ ಸುಮಾರು ಮುಕ್ಕಾಲು ಲೋಟ ಬೆಚ್ಚನೆ ನೀರು ಹಾಕಿ ಮೆತ್ತಗೆ ನಾದಿ, ಅರ್ಧ ಗಂಟೆ ಮುಚ್ಚಿಡಿ. ಚೆನ್ನಾಗಿ ಕಾದ ಹೆಂಚಿನಲ್ಲಿ ಬೇಗ ಬೇಯಿಸಿ, ಒಂದೆರಡು ನಿಮಿಷ ಬಿಡಿಬಿಡಿಯಾಗಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ಪೂರ್ತಿ ತಣ್ಣಗಾಗಲು ಬಿಟ್ಟರೆ ಮತ್ತೆ ರಟ್ಟೇ.

ಪ್ರಶ್ನೆ: ಫ್ಲಾಸ್ಕ್ ಡಬ್ಬಿಯಲ್ಲೂ ಸಾರು ಆರಿಹೋಗುತ್ತದೆ, ಜೊತೆಗೆ ಒಂಥರಾ ವಾಸನೆ. (ಓದುಗರೊಬ್ಬರು, ಹಾಸನ)

ಉತ್ತರ: ತಣ್ಣನೆ ಡಬ್ಬಿಯೇ ಸಾರಿನ ಬಿಸಿ ಎಳೆದುಕೊಳ್ಳುತ್ತದೆ. ಮೊದಲು ಕುದಿ ನೀರು ತುಂಬಿ ಹತ್ತು ನಿಮಿಷ ಬಿಡಿ, ಚೆಲ್ಲಿ, ಕುದಿಯುತ್ತಿರುವ ಸಾರನ್ನು ಕಂಠದವರೆಗೆ ಹಾಕಿ. ಅರ್ಧ ಡಬ್ಬಿ ಸಾರು ಬೇಗ ಆರುತ್ತದೆ. ವಾಸನೆ ಮುಚ್ಚಳದ ರಬ್ಬರಿನದು. ಅದನ್ನು ದಿನವೂ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.