ಇಂಡೋನೇಷ್ಯಾದ ಜಕಾರ್ತ ಸಿಟಿ ಮುಳುಗ್ತಿರೋದು ಸಮುದ್ರ ಏರ್ತಿರೋದಕ್ಕಾ?

ಸಮುದ್ರ ಏರ್ತಿರೋದು ನಿಜ, ಆದ್ರೆ ಅದು ವರ್ಷಕ್ಕೆ ಕೆಲವು ಮಿಲಿಮೀಟರ್ ಅಷ್ಟೇ. ಉತ್ತರ ಜಕಾರ್ತದ ಕೆಲವು ಕಡೆ ನೆಲಾನೇ ವರ್ಷಕ್ಕೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಕುಸಿದಿದ್ದೂ ಇದೆ. ಮುಖ್ಯ ಕಾರಣ ಬೋರ್‌ವೆಲ್.

ನಲ್ಲಿ ನೀರು ಊರಿಗೆಲ್ಲ ಸಿಗಲ್ಲ, ನದಿಗಳು ಗಲೀಜು, ಹಾಗಾಗಿ ಮನೆ, ಫ್ಯಾಕ್ಟರಿ, ಮಾಲ್ ಎಲ್ರೂ ದಶಕಗಳಿಂದ ನೆಲದಡಿ ನೀರು ಎಳೀತಾ ಬಂದ್ರು. ಊರಿನ ಕೆಳಗಿರೋದು ನದಿಗಳು ತಂದು ಹಾಕಿದ ಮೆತ್ತನೆ ಜೇಡಿಮಣ್ಣು, ಅದರ ಕಣಗಳ ಮಧ್ಯೆ ಇದ್ದ ನೀರೇ ಮೇಲಿನ ಭಾರದಲ್ಲಿ ಒಂದು ಪಾಲು ಹೊರ್ತಿತ್ತು, ಆ ನೀರು ಹೋದ್ಮೇಲೆ ಮಣ್ಣು ಒತ್ಕೊಂಡು ಕೂತ್ಬಿಡುತ್ತೆ, ಆಮೇಲೆ ಎಷ್ಟೇ ಮಳೆ ಬಂದ್ರೂ ಮೊದಲಿನಷ್ಟು ಉಬ್ಬಲ್ಲ. ಮುವಾರಾ ಬಾರು ಅನ್ನೋ ಕಡೆ ತಡೆಗೋಡೆ ಆಚೆಗಿನ ಸಮುದ್ರ ಈಚೆಗಿನ ರಸ್ತೆಗಿಂತ ಎತ್ತರದಲ್ಲಿದೆ, ಗೋಡೆ ಹೊರಗೆ ಉಳಿದ ಹಳೇ ಮಸೀದಿ ನೀರಲ್ಲೇ ನಿಂತಿದೆ.

ಬೆಂಗಳೂರಲ್ಲೂ ಬೋರ್ ಕೊರೀತಾರಲ್ಲ ಅಂತೀರಾ? ನಮ್ಮಲ್ಲಿ ಕೆಳಗೆ ಗಟ್ಟಿ ಬಂಡೆ, ಬೋರ್ ಬತ್ತುತ್ತೆ ಹೊರತು ಊರು ಹೀಗೆ ಕುಸಿಯಲ್ಲ.

ಇಂಡೋನೇಷ್ಯಾದ ರಾಜಧಾನಿನ ಜಕಾರ್ತದಿಂದ ಬೋರ್ನಿಯೋ ದ್ವೀಪಕ್ಕೆ ಸಾಗಿಸ್ತೀವಿ ಅಂತ 2019ರಲ್ಲಿ ಘೋಷಿಸಿದ್ರು, ಅದ್ರಿಂದ ಜಕಾರ್ತದಲ್ಲೇ ಉಳಿಯೋ ಜನಕ್ಕೆ ನಲ್ಲಿ ನೀರೇನೂ ಬರಲ್ಲ ಬಿಡಿ. ಟೋಕಿಯೋದಲ್ಲೂ ಇದೇ ಕಾಯಿಲೆ ಇತ್ತು, ನೆಲದ ನೀರು ಎತ್ತೋದಕ್ಕೆ ಕಾನೂನು ಮಾಡಿ ಕಡಿವಾಣ ಹಾಕಿದ್ಮೇಲೆ ಕುಸಿತ ಹೆಚ್ಚುಕಮ್ಮಿ ನಿಂತೋಯ್ತು.