ಐರ್ಲೆಂಡಿನ ಕೇಲಿ ಬ್ಯಾಂಡ್ ಸೇರಲು ದಿನಕ್ಕೆ ಎಷ್ಟು ಗಂಟೆ ಸಂಗೀತ ಕೇಳಬೇಕು?

ಕರ್ನಾಟಕ ಶೈಲಿಯ ಪಿಟೀಲು ಕಲಿತು ಐರ್ಲೆಂಡಿಗೆ ಬಂದಿರುವ ನೀವು, ಕೇಲಿ ಎಂಬ ಜನಪದ ಕುಣಿತದ ಕೂಟಗಳಿಗೆ ನುಡಿಸುವ ಅಲ್ಲಿನ ಬ್ಯಾಂಡ್ ಸೇರುವ ಮುನ್ನ ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕೇಳಬೇಕು, ನಮ್ಮ ಗಮಕಗಳನ್ನು ಅಲ್ಲಿ ಬಳಸಬಹುದೇ ಎಂದು ಕೇಳಿದ್ದೀರಿ. ಗಂಟೆಗಳ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಲಿಮರಿಕ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಲಗುವ ಮುನ್ನ, ಸದಾ ಕಿವಿಯಲ್ಲಿ ಹೆಡ್‌ಫೋನ್ ಇರುತ್ತಿತ್ತು. ಪಕ್ಕದ ಕ್ಲೇರ್ ಕೌಂಟಿಯ ಪಿಟೀಲುವಾದಕ ಮಾರ್ಟಿನ್ ಹೇಸ್ ಅವರ ಧ್ವನಿಮುದ್ರಿಕೆಗಳ ವೇಗ ತಗ್ಗಿಸಿಕೊಂಡು, ಅವುಗಳ ಜೊತೆಯಲ್ಲೇ ನುಡಿಸುತ್ತ ರೀಲ್, ಜಿಗ್ ಎಂಬ ಕುಣಿತದ ಧಾಟಿಗಳನ್ನು ಬಾಯಿಪಾಠ ಮಾಡಿಕೊಂಡೆ. ವಾದ್ಯವನ್ನು ಪಾದದ ಆಸರೆಯಿಂದ ಭುಜಕ್ಕೇರಿಸುವುದು, ತಂತಿಗಳನ್ನು ಜಿ-ಡಿ-ಎ-ಇ ಎಂದು ಕೂಡಿಸಿಕೊಳ್ಳುವುದು ಬೇಗನೆ ಒಗ್ಗಿತು. ಊರಿನ ಹವ್ಯಾಸಿ ಕೇಲಿ ಬ್ಯಾಂಡೊಂದು ನನ್ನನ್ನು ಸೇರಿಸಿಕೊಂಡಿತು.

ಅಲ್ಲಿ ನನ್ನ ಸ್ವರಗಳು ತಪ್ಪಲಿಲ್ಲ, ಕಾಲ ತಪ್ಪಿತು. ಧ್ವನಿಮುದ್ರಿಕೆಯ ಜೊತೆ ನುಡಿಸುವವನು ಮೊದಲು ಕೇಳಿ ಅನಂತರ ಕಮಾನು ಎಳೆಯುವುದರಿಂದ ಯಾವಾಗಲೂ ಕೂದಲೆಳೆಯಷ್ಟು ಹಿಂದೆಯೇ ಇರುತ್ತಾನೆ. ಪಕ್ಕವಾದ್ಯ ಕಲಿತ ನಮಗೆ ಇದು ದೋಷವೆಂದು ತೋರುವುದೂ ಇಲ್ಲ, ಏಕೆಂದರೆ ಗಾಯಕರ ಆಲಾಪನೆಯನ್ನು ಹೀಗೆ ಹಿಂಬಾಲಿಸುವುದನ್ನೇ ನಮಗೆ ಗುಣವೆಂದು ಕಲಿಸಿರುತ್ತಾರೆ. ಕೇಲಿ ಬ್ಯಾಂಡಿನಲ್ಲಾದರೋ ಪಿಟೀಲು, ಕೊಳಲು, ಅಕಾರ್ಡಿಯನ್, ಬ್ಯಾಂಜೊ ಎಲ್ಲವೂ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸುತ್ತವೆ, ಎದುರಿಗೆ ನಾಲ್ಕು ಜೋಡಿಗಳು ಚೌಕವಾಗಿ ನಿಂತು ಕುಣಿಯುತ್ತಿರುತ್ತವೆ. ಎಂಟೆಂಟು ಬಾರ್‌ಗಳ (ನಮ್ಮ ಆವರ್ತದಂಥ ಅಳತೆ) ಎರಡು ಭಾಗಗಳನ್ನು ಎರಡೆರಡು ಸಲ ನುಡಿಸಿ 32 ಬಾರ್ ಮುಗಿಸಲು ಸುಮಾರು ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ಒಬ್ಬ ತಡವರಿಸಿದರೂ ಕುಣಿಯುವವರಿಗೆ ಗೊತ್ತಾಗುತ್ತದೆ. ನಾನು ಕುಳಿತ ಮೂಲೆಯ ಬಳಿ ಬಂದಾಗ ಕಾಲು ಭಾರವಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದಾಗ ನಾನು ಅದನ್ನು ಅವರ ವಯಸ್ಸಿನ ಲೆಕ್ಕಕ್ಕೆ ಬರೆದೆ!

ಜಿಗ್‌ನಲ್ಲಿ ಇನ್ನೊಂದು ತೊಡಕಿತ್ತು. 6/8 ಎಂದು ಬರೆಯುವ, ಮೂರು ಮೂರು ಸ್ವರಗಳ ಆ ಲಯವನ್ನು ನಾನು ತಿಶ್ರವೆಂದೇ ಎಣಿಸಿ ಮೂರು ಸ್ವರಗಳನ್ನೂ ಸಮನಾಗಿ ನುಡಿಸುತ್ತಿದ್ದೆ; ಅಲ್ಲಿಯವರು ಮೊದಲನೆಯದನ್ನು ತುಸು ಹಿಗ್ಗಿಸಿ ಎರಡನೆಯದನ್ನು ಕಿರಿದು ಮಾಡುತ್ತಾರೆ. ತಿಂಗಳುಗಟ್ಟಲೆ ಹೆಡ್‌ಫೋನ್ ಹಾಕಿಕೊಂಡಿದ್ದರೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ, ಏಕೆಂದರೆ ನನ್ನ ಕಿವಿ ಮುಂದಿನ ಸ್ವರ ಯಾವುದೆಂದು ಹುಡುಕುವುದರಲ್ಲೇ ಮುಳುಗಿತ್ತು. ಫ್ಲಾ ಎಂಬ ಐರಿಷ್ ಸಂಗೀತೋತ್ಸವದ ಕೌಂಟಿ ಮಟ್ಟದ ಸ್ಪರ್ಧೆಗೆ ವಾದಕರನ್ನು ಆರಿಸುವಾಗ ನನ್ನನ್ನು ನಯವಾಗಿಯೇ ಹೊರಗಿಟ್ಟರು. ಸ್ವತಃ ಹೇಸ್ ಅವರು ತಂದೆ ಪಿ. ಜೆ. ಹೇಸ್ ಮುನ್ನಡೆಸುತ್ತಿದ್ದ ಟಲ್ಲಾ ಕೇಲಿ ಬ್ಯಾಂಡಿನಲ್ಲಿ ಹುಡುಗನಾಗಿದ್ದಾಗಲೇ ಕುಣಿತಕ್ಕೆ ನುಡಿಸಿ ಪಳಗಿದವರು. ಅವರ ಕಛೇರಿಗಳ ನಿಧಾನಗತಿಯ ಹಿಂದೆ ಆ ಪಳಗುವಿಕೆ ಇದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಆದ್ದರಿಂದ ನಿಮ್ಮ ಗಂಟೆಗಳ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕೆಲವು ವಾರ ಪಿಟೀಲನ್ನು ಮನೆಯಲ್ಲೇ ಬಿಟ್ಟು ಕೇಲಿಗಳಿಗೆ ಹೋಗಿ ಕುಣಿಯಿರಿ. ಕ್ಲೇರ್‌ನವರಿಗೆ ಪ್ರಿಯವಾದ ಕ್ಯಾಲೆಡೋನಿಯನ್ ಸೆಟ್ ಎಂಬ ನಾಲ್ಕು ಜೋಡಿಗಳ ಕುಣಿತ ಕಲಿತರೆ ರೀಲ್ ನಿಮ್ಮ ಹಿಮ್ಮಡಿಗೆ ತಾನಾಗಿ ಇಳಿಯುತ್ತದೆ. ಆಮೇಲೆ ಹಾಡಿ. ನಮ್ಮ ಕೊನ್ನಕ್ಕೋಲಿನಲ್ಲಿ ಲಯವನ್ನು ಬಾಯಲ್ಲಿ ನುಡಿಯುವಂತೆ ಅವರಲ್ಲಿಯೂ ಅರ್ಥವಿಲ್ಲದ ಬಾಯಿಪದಗಳಿಂದ ಧಾಟಿಯನ್ನು ಹಾಡುವ ಲಿಲ್ಟಿಂಗ್ ಇದೆ, ಫ್ಲಾದಲ್ಲಿ ಅದಕ್ಕೆ ಪ್ರತ್ಯೇಕ ಸ್ಪರ್ಧೆಯೂ ಉಂಟು. ಧ್ವನಿಮುದ್ರಿಕೆ ಬೇಕೇಬೇಕೆಂದರೆ ಏಕವ್ಯಕ್ತಿ ವಾದನಕ್ಕೆ ಹೋಗುವ ಮೊದಲು, 1909ರಲ್ಲಿ ಶುರುವಾದ ಕಿಲ್ಫೆನೋರಾ ಬ್ಯಾಂಡ್, 1946ರಲ್ಲಿ ಶುರುವಾದ ಟಲ್ಲಾ ಬ್ಯಾಂಡ್ ಇಂಥವುಗಳನ್ನು ಸ್ಪೀಕರಿನಲ್ಲಿ ಹಾಕಿ, ಜೊತೆಗೆ ನುಡಿಸದೆ, ಪಿಯಾನೋದ ಎಡಗೈ ಬಡಿತಕ್ಕೆ ಕಾಲು ತಟ್ಟುತ್ತ ಕೇಳಿ. ಆ್ಯಪ್ ಯಾವುದಾದರೂ ಆದೀತು, ತಿಳಿಯದೆ ಉಳಿದ ಒಂದೆರಡು ತುಣುಕುಗಳಿಗೆ ಮಾತ್ರ ಅದನ್ನು ಬಳಸಿ.

ಗಮಕಗಳನ್ನು ಬ್ಯಾಂಡಿಗೆ ತರಬೇಡಿ. ಎಂಟು ಮಂದಿ ಸೇರಿ ನುಡಿಸುವ ಧಾಟಿಯಲ್ಲಿ ಒಬ್ಬರ ಕಂಪಿತ ಅಪಸ್ವರದಂತೆಯೇ ಕೇಳಿಸುತ್ತದೆ. ಪಬ್ಬಿನ ಸೆಷನ್‌ಗಳಲ್ಲಿ ನಡುವೆ ಬಿಡುವಾದಾಗ ನಿಮ್ಮೂರಿನದು ಏನಾದರೂ ನುಡಿಸಿ ಎಂದು ಯಾರಾದರೂ ಕೇಳುವುದುಂಟು. ಆಗ ಮೋಹನವನ್ನೋ ಹಂಸಧ್ವನಿಯನ್ನೋ ಧಾರಾಳವಾಗಿ ನುಡಿಸಿ. ಐದು ನಿಮಿಷ ಮೀರದಿದ್ದರೆ ಸಾಕು.